ನಲವತ್ತು ಪಿನ್ನುಗಳೂ ನಮ್ಮ ಅಡಿಕೆ ತೋಟವೂ

ಕಲಾ ವಿಭಾಗದ ವಿದ್ಯಾರ್ಥಿಗೂ ವಿದ್ಯುತ್ ತಂತಿಗೂ ಏನು ಸಂಬಂಧವೆಂದು ತಲೆಬರಹ ನೋಡಿ ಮಿತ್ರರು ನಗಬಹುದು. ನಗಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ಸೊರಬದ ಕಡೆಯಿಂದ ಶಿರಾಳಕೊಪ್ಪದ ಮೇಲೆ ದಿನವೂ ಶಿಕಾರಿಪುರಕ್ಕೆ ಬಂದು ಹೋಗುವ ನನ್ನನ್ನು ಅಪ್ಪಯ್ಯ ಒಮ್ಮೆ ಕೇಳಿದರು: “ಇಷ್ಟೆಲ್ಲ ಓದ್ತೀಯಲ್ಲ, ರಾತ್ರಿ ತೋಟಕ್ಕೆ ಹೋಗೋದು ತಪ್ಪಿಸೋಕೆ ನಿನ್ನ ಓದಲ್ಲಿ ಏನಾದ್ರೂ ಇದೆಯಾ?” ನನ್ನ ಮೂರು ವರ್ಷಗಳ ಪಠ್ಯಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸಿನ ಕರೆಂಟು ಪಾಳಿಯ ಮೇಲೆ ಬರುವುದೆಂಬುದು ನಮ್ಮ ಕಡೆಯ ರೈತರೆಲ್ಲ ಬಲ್ಲ ಸಂಗತಿ. ನಡುರಾತ್ರಿ ಬಂದರೆ ನಡುರಾತ್ರಿಯೇ ಏಳಬೇಕು. ಕಳೆದ ಬೇಸಿಗೆಯಲ್ಲಿ ಬ್ಯಾಟರಿಯ ಬೆಳಕಿಗೆ ಕೊಳಕುಮಂಡಲವೊಂದು ಅಪ್ಪಯ್ಯನ ಕಾಲಿನಿಂದ ಗೇಣು ದೂರದಲ್ಲಿ ಕಂಡಿತು. ಅಂಗಡಿಯಲ್ಲಿ ಆಟೋ ಸ್ಟಾರ್ಟರ್ ಸಿಗುವುದಿಲ್ಲವೇ ಎಂದರೆ, ಸಿಗುತ್ತದೆ. ಆದರೆ ಸಾಧಾರಣ ಪೆಟ್ಟಿಗೆಗೆ ಕರೆಂಟು ಬಂದುದು ತಿಳಿಯುವುದೇ ಹೊರತು ಬಾವಿಯಲ್ಲಿ ನೀರಿಲ್ಲದುದು ತಿಳಿಯದು. ನೀರಿಲ್ಲದೆ ತಿರುಗಿದ ಮೋಟಾರಿನ ಗತಿಯನ್ನು ನಾನು ಹೇಳಬೇಕಾಗಿಲ್ಲ.

ಡಿಪ್ಲೊಮಾ ಓದುತ್ತಿರುವ ನನ್ನ ಮಾವನ ಮಗನ ಬಳಿ ಅಂಗೈಯಗಲದ ಒಂದು ಕಂಪ್ಯೂಟರ್ ಹಲಗೆಯನ್ನು ಕಂಡೆನು. ರಾಸ್ಪ್‌ಬೆರಿ ಪೈ ಎಂದು ಹೆಸರು. 2012ರಲ್ಲಿ ಇಂಗ್ಲೆಂಡಿನಲ್ಲಿ ಎಳೆಯರ ಕಲಿಕೆಗೆಂದೇ ಹೊರಬಂದುದು. ಅದರ ಒಂದಂಚಿನಲ್ಲಿ ಎರಡು ಸಾಲಾಗಿ 40 ಪಿನ್ನುಗಳು ನಿಂತಿವೆ. ಕೆಲವು ವಿದ್ಯುತ್ತು ಕೊಡತಕ್ಕವು, ಕೆಲವು ಗ್ರೌಂಡಿನವು, ಉಳಿದವುಗಳಲ್ಲಿ ಬಹುಪಾಲು ನಾವು ಹೇಳಿದಂತೆ ಕೇಳುವುವು. ಅಂಥ ಪಿನ್ನನ್ನು ಬೇಕಾದರೆ ಬಾಯಿ ಮಾಡಬಹುದು, ಬೇಕಾದರೆ ಕಿವಿ ಮಾಡಬಹುದು. ಬಾಯಾದುದು ನಮ್ಮ ಆಜ್ಞೆಯಂತೆ 3.3 ವೋಲ್ಟು ಕೊಡುತ್ತದೆ, ಇಲ್ಲವೆ ಸುಮ್ಮನಿರುತ್ತದೆ. ಕಿವಿಯಾದುದು ಹೊರಗಿನಿಂದ ವೋಲ್ಟೇಜು ಬಂದಿತೇ ಇಲ್ಲವೇ ಎಂಬುದನ್ನು ತಿಳಿಸುತ್ತದೆ.

ಇಷ್ಟು ಅಲ್ಪ ವಿದ್ಯುತ್ತಿನಿಂದ ಪಂಪು ತಿರುಗೀತೇ? ತಿರುಗದು. ಯಜಮಾನನು ತಾನೇ ಮೂಟೆ ಹೊರುತ್ತಾನೆಯೇ? ಪಿನ್ನು ಟ್ರಾನ್ಸಿಸ್ಟರಿಗೆ ಸನ್ನೆ ಮಾಡುತ್ತದೆ, ಟ್ರಾನ್ಸಿಸ್ಟರು ರಿಲೇಯನ್ನು ಎಳೆಯುತ್ತದೆ, ರಿಲೇಯು ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರಿಗೆ ಹೇಳುತ್ತದೆ, ಮೋಟಾರಿನ ಭಾರವೆಲ್ಲ ಕಾಂಟ್ಯಾಕ್ಟರಿನದು. ಇತ್ತ ಬಾವಿಯ ನೀರಿನ ಸುದ್ದಿ ಇನ್ನೊಂದು ಪಿನ್ನಿಗೆ ಬರುತ್ತಿರುತ್ತದೆ. ನಾವು ಬರೆಯಬೇಕಾದುದಾದರೂ ಏನು? ಕರೆಂಟು ಬಂದರೆ, ನೀರಿದ್ದರೆ, ಮೋಟಾರು ಹೊರಡಲಿ. ಕನ್ನಡದ ‘ರೆ’ ಪ್ರತ್ಯಯವನ್ನು ಬಲ್ಲವನಿಗೆ ಇದರ ಅರ್ಧ ವ್ಯಾಕರಣ ಆಗಲೇ ಬಂದಂತೆ. (ಒಂದು ಪಂಪಿಗೆ ಇಷ್ಟು ದೊಡ್ಡ ಹಲಗೆಯೂ ಬೇಕಿಲ್ಲ; ಇನ್ನೂ ಅಗ್ಗದ ಆರ್ಡುಯಿನೋ ಸಾಕು. ಕಲಿಯುವುದಕ್ಕೆ ಇದು ಸಿಕ್ಕಿತು, ಅಷ್ಟೆ.)

ಮೊದಲ ವಾರದಲ್ಲೇ ನಾನು ಒಂದು ಹಲಗೆಯನ್ನು ಕೆಡಿಸಿದೆನೆಂಬುದನ್ನೂ ಹೇಳಿಬಿಡುತ್ತೇನೆ. ಎಣಿಸಿದರೆ 11ನೆಯದಾದ ಪಿನ್ನಿಗೆ ಇಟ್ಟ ಹೆಸರು 17! ಈ ಗೊಂದಲದಲ್ಲಿ 5 ವೋಲ್ಟಿನ ತಂತಿಯನ್ನು 3.3ನ್ನು ಮಾತ್ರ ತಾಳುವ ಪಿನ್ನಿಗೆ ಸಿಕ್ಕಿಸಿದೆನು. ಮಾವನ ಮಗ ಎರಡು ದಿನ ಮಾತನಾಡಲಿಲ್ಲ.

“ಬಿ.ಎ. ಓದುವವನಿಗೆ ಇದೇಕೆ? ರಿಪೇರಿಯವನಿದ್ದಾನಲ್ಲ” ಎನ್ನುವವರುಂಟು. ಅವನು ಬರುವವರೆಗೆ ತೋಟ ಒಣಗುತ್ತದೆಂಬುದು ಒಂದು ಮಾತು. ಅದಕ್ಕಿಂತ ನನಗೆ ನೋವಾಗುವುದು, ಕೈಕೆಲಸವು ಓದಿದವನಿಗೆ ತಕ್ಕುದಲ್ಲವೆಂಬ ಭಾವನೆ. ಇದೇ ತಾಲ್ಲೂಕಿನ ತಾಳಗುಂದದ 5ನೆಯ ಶತಮಾನದ ಕಂಬಶಾಸನವನ್ನು ನಾವು ಇತಿಹಾಸದಲ್ಲಿ ಓದುತ್ತೇವೆ. ಕದಂಬ ಕಾಕುಸ್ಥವರ್ಮನು ಮಾಡಿಸಿದ ಕೆರೆಯ ಸಂಗತಿ ಅದರಲ್ಲಿದೆ. ಅದರ ಕವಿ ಕುಬ್ಜನು ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಹೇಳಿಕೊಂಡಿದ್ದಾನೆ. ನೀರಿನ ವಿಷಯಕ್ಕೆ ಕವಿಯೇ ಕಲ್ಲು ಮುಟ್ಟಿದ ನಾಡಿನಲ್ಲಿ ನಾವು ತಂತಿ ಮುಟ್ಟಲು ನಾಚಬೇಕೆ?

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಗ್ರಂಥಾಲಯದ ಮೂಲೆಯಲ್ಲಿ ಒಂದು ಮೇಜು, ಎರಡು ಹಲಗೆ, ಒಂದಿಷ್ಟು ತಂತಿ, ಕನ್ನಡದಲ್ಲಿ ಬರೆದ ಒಂದು ಕೈಪಿಡಿ. ಕೈಪಿಡಿಯನ್ನು ಬರೆಯಲು ಕನ್ನಡ ಐಚ್ಛಿಕದ ಗೆಳೆಯರು ಮುಂದಾದರೆ ಕೆಟ್ಟ ಹಲಗೆಯ ಅನುಭವವನ್ನು ನಾನು ಧಾರಾಳವಾಗಿ ಕೊಡಬಲ್ಲೆ.

ಸದ್ಯಕ್ಕೆ ನಮ್ಮ ಜಗುಲಿಯ ಮೇಲೆ ಒಂದು ಸಣ್ಣ ದೀಪ ಮಾತ್ರ ನನ್ನ ಆಜ್ಞೆಯಂತೆ ಹತ್ತಿ ಆರುತ್ತಿದೆ. ಬಲ್ಲ ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಸ್ಟಾರ್ಟರನ್ನು ಮುಟ್ಟಕೂಡದೆಂದು ಅಪ್ಪಯ್ಯನ ಕಟ್ಟಪ್ಪಣೆ. ಅದು ಸರಿಯೇ. ನಿನ್ನೆ ರಾತ್ರಿಯೂ ಅವರು ಬ್ಯಾಟರಿ ಹಿಡಿದೇ ತೋಟಕ್ಕೆ ಹೋದರು.