ಅಪಶಕುನವೆಂದು ತಡೆದ ಆಟ

ಮಂಡ್ಯಕ್ಕೆ ಸಮೀಪದ ಹೊಳಲು ಗ್ರಾಮದಲ್ಲಿ ನಮ್ಮ ಬಂಧುಗಳ ಮನೆಯೊಂದುಂಟು. ಆ ಮನೆಯ ಯಜಮಾನರು ತೀರಿಹೋದ ಕೆಲವು ದಿನಗಳ ಮೇಲೆ ನಾನು ಅಲ್ಲಿಗೆ ಹೋಗಿದ್ದೆನು. ಅವರ 6 ವರ್ಷದ ಮೊಮ್ಮಗನು ತಾತನ ಸಾವಿನ ದಿನದಿಂದ ಮಾತು ಕಡಮೆ ಮಾಡಿದ್ದನು, ಕಣ್ಣೀರನ್ನೂ ಹಾಕಿರಲಿಲ್ಲ. “ಎಳೆಯ ಹುಡುಗ, ಅವನಿಗೇನು ತಿಳಿದೀತು?” ಎಂದು ಹಿರಿಯರು ಸುಮ್ಮನಾಗಿದ್ದರು.

ಅಂದು ಮಧ್ಯಾಹ್ನ ಅವನು ಹಿತ್ತಿಲಿನಲ್ಲಿ ಹಸಿಮಣ್ಣಿನಿಂದ ಒಂದು ಬೊಂಬೆಯನ್ನು ಮಾಡಿ, ಕಬ್ಬಿನ ಒಣಸೋಗೆಯ ಮೇಲೆ ಮಲಗಿಸಿ, ಕರಟವನ್ನು ತಮಟೆಯಂತೆ ಬಾರಿಸುತ್ತ ಕೊಂಡೊಯ್ದು, ಸಣ್ಣ ಗುಳಿ ತೋಡಿ ಹೂಳಿದನು. ಮರುಗಳಿಗೆಯೇ ಹೊರಕ್ಕೆ ತೆಗೆದನು; ಮತ್ತೆ ಹೂಳಿದನು. ಇದನ್ನು ಕಂಡ ಅಜ್ಜಿಯು, “ಥೂ, ಬುಡ್ಲಾ ಮಗಾ! ಅಂಥಾ ಆಟ ಮನೆಗೆ ಆಗಿಬರಾಕಿಲ್ಲ” ಎಂದು ಅವನ ಕೈಹಿಡಿದೆಳೆದರು. ಹುಡುಗನ ತಾಯಿಯು, “ಇರ್ಲಿ ಬುಡಿ ಅತ್ತೆ, ಆಡ್ಕಳ್ಳಿ” ಎಂದು ಹೇಳಿ ಅವನ ಮಗ್ಗುಲಲ್ಲಿ ಕುಳಿತಳು. ಬಹಳ ಹೊತ್ತಿನ ಮೇಲೆ ಅವನು, “ಅವ್ವಾ, ತಾತಂಗೆ ಒಳಗೆ ಕತ್ಲೆ ಆಗಾಕಿಲ್ವಾ?” ಎಂದು ಕೇಳಿದನು. ಅಷ್ಟು ದಿನವೂ ಆ ಭಯವನ್ನು ಆ ಕೂಸು ಒಂಟಿಯಾಗಿ ಹೊತ್ತಿದ್ದಿತು. “ತಾತಂಗೆ ಈಗ ಕತ್ಲೇನೂ ಇಲ್ಲ, ನೋವೂ ಇಲ್ಲ ಮಗಾ” ಎಂದು ತಾಯಿಯು ಅವನನ್ನು ಮಡಿಲಿಗೆಳೆದುಕೊಂಡಳು.

ದೊಡ್ಡವರಿಗೆ ದುಃಖವನ್ನು ತೋಡಿಕೊಳ್ಳಲು ಮಾತುಂಟು. ಮಕ್ಕಳಿಗೆ ಅಷ್ಟು ಮಾತು ಇನ್ನೂ ಬಂದಿರುವುದಿಲ್ಲ. ಆಟವೇ ಅವರ ಮಾತು. ಮನಸ್ಸನ್ನು ಮೀರಿದ ಸಂಗತಿಯನ್ನು ಅಂಗೈಯಗಲದ ಬೊಂಬೆಯಾಗಿಸಿ, ತಮಗೆ ಬೇಕಾದಂತೆ ಹೂಳಿ, ತೆಗೆದು, ಅದನ್ನು ತಮ್ಮ ಅಂಕೆಗೆ ತಂದುಕೊಳ್ಳುವರು. ಆದುದರಿಂದಲೇ ಒಂದೇ ಆಟವನ್ನು ಮತ್ತೆ ಮತ್ತೆ ಆಡುವರು.

ಇದನ್ನರಿತ ವೈದ್ಯರು ಆಟವನ್ನೇ ಚಿಕಿತ್ಸೆಯನ್ನಾಗಿ ಮಾಡಿರುವರು. ಲಂಡನ್ನಿನ ವೈದ್ಯೆ ಮಾರ್ಗರೆಟ್ ಲೊವೆನ್‌ಫೆಲ್ಡ್ ಎಂಬಾಕೆಯು 1920ರ ದಶಕದ ಕೊನೆಯಲ್ಲಿ ಮರಳಿನ ತಟ್ಟೆ, ನೀರು, ಪುಟ್ಟ ಬೊಂಬೆಗಳನ್ನು ಮಕ್ಕಳ ಮುಂದಿಟ್ಟಳು. ಮಕ್ಕಳು ಅದರಲ್ಲಿ ಕಟ್ಟಿದುದಕ್ಕೆ ತಾವೇ ‘ಪ್ರಪಂಚ’ವೆಂದು ಹೆಸರಿಟ್ಟರು. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಎಂಬಾಕೆಯು 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಟದಲ್ಲಿ ದಾರಿ ತೋರತಕ್ಕದ್ದು ಮಗು, ಹಿರಿಯರು ಹಿಂಬಾಲಿಸತಕ್ಕವರು ಎಂಬ ತತ್ವವನ್ನು ಎತ್ತಿಹಿಡಿದಳು. 2004ರ ಡಿಸೆಂಬರಿನಲ್ಲಿ ಸುನಾಮಿಯು ತಮಿಳುನಾಡಿನ ಕರಾವಳಿಯನ್ನು ಹಾಳುಗೆಡವಿದಾಗ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿಯ ಮಕ್ಕಳ ಮನಸ್ಸನ್ನು ಸಂತೈಸಲು ಚಿತ್ರ, ಕಥೆ, ಆಟಗಳನ್ನೇ ಸಾಧನವಾಗಿ ಮಾಡಿಕೊಂಡರು.

ಗೃಹಸ್ಥರು ಇದಕ್ಕಾಗಿ ದುಡ್ಡು ವೆಚ್ಚಮಾಡಬೇಕಾಗಿಲ್ಲ. ಹಸಿಮಣ್ಣು, ಇದ್ದಿಲಿನ ಚೂರು, ಹಳೆಯ ಬಟ್ಟೆಯ ಬೊಂಬೆ ಇವಿಷ್ಟೇ ಸಾಕು. ದಿನಕ್ಕೆ ಅರ್ಧ ಗಂಟೆ ಮಗುವಿನ ಬಳಿ ಕುಳಿತಿರಿ. “ಹೀಗಲ್ಲ, ಹಾಗೆ ಮಾಡು” ಎಂದು ತಿದ್ದಬೇಡಿರಿ. “ಇದು ಯಾರು? ಅದೇಕೆ?” ಎಂದು ವಕೀಲರಂತೆ ಪ್ರಶ್ನಿಸಲೂಬೇಡಿರಿ. ತನಗಾಗಲಿ ಇತರರಿಗಾಗಲಿ ಪೆಟ್ಟಾಗುವಂತೆ ಆಡಿದಲ್ಲಿ ಮಾತ್ರ ತಡೆಯಿರಿ.

ಆದರೆ ಮನೆಯ ಆಟವು ವೈದ್ಯರ ಚಿಕಿತ್ಸೆಗೆ ಬದಲಲ್ಲ. ವಾರಗಳು ಕಳೆದರೂ ಮಗುವು ಅನ್ನ ನಿದ್ರೆಗಳನ್ನು ಬಿಟ್ಟಿದ್ದರೆ, ಶಾಲೆಗೆ ಹೋಗಲೊಲ್ಲದಿದ್ದರೆ, ಎಷ್ಟು ಆಡಿದರೂ ಭಯವು ಹೆಚ್ಚುತ್ತಲೇ ಇದ್ದರೆ, ತಡಮಾಡದೆ ಮನೋವೈದ್ಯರಿಗೆ ತೋರಿಸತಕ್ಕದ್ದು. 2022ರಲ್ಲಿ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಫೋನ್ ಮಾಡಿದರೆ ಖರ್ಚಿಲ್ಲದೆ ಸಲಹೆ ದೊರೆಯುವುದು.

ನಾನು ಹೊರಡುವ ದಿನ ಹುಡುಗನು ಹೊಸ ಬೊಂಬೆಯೊಂದನ್ನು ಮಾಡುತ್ತಿದ್ದನು. ಅಜ್ಜಿಯು ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿ ನೋಡಿ, ಕೊನೆಗೆ ಹತ್ತಿರ ಬಂದು, “ತಾತಂಗೆ ರುಮಾಲು ಬ್ಯಾಡ್ವೇನ್ಲಾ?” ಎಂದು ಒಂದು ಚಿಟಿಕೆ ಮಣ್ಣನ್ನು ನಾದಿ ಬೊಂಬೆಯ ತಲೆಗೆ ಸುತ್ತಿದರು. ಆ ಬೊಂಬೆಯನ್ನು ಹುಡುಗನು ಹೂಳಲಿಲ್ಲ. ಜಗಲಿಯ ಮೇಲೆ, ತಾತನು ಕೂರುತ್ತಿದ್ದ ಕಂಬದ ಬಳಿ ಇಟ್ಟನು.