ಗದ್ವಾಲ್ ಸೀರೆಗೊಂದು ನ್ಯಾಯ, ಕಂಪ್ಯೂಟರ್ ಆಟಕ್ಕೊಂದು ನ್ಯಾಯವೇ?



ಪವರ್‌ಲೂಮಿನಲ್ಲಿ ನೇಯ್ದ ಸೀರೆಗೆ ‘ಗದ್ವಾಲ್’ ಎಂದು ಹೆಸರಿಟ್ಟು ಆನ್‌ಲೈನಿನಲ್ಲಿ ಮಾರುವುದನ್ನು ಕಂಡರೆ ನಮ್ಮ ಕಡೆಯವರಿಗೆ ಮೈ ಉರಿಯುತ್ತದೆ. ಉರಿಯಲೇಬೇಕು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ರೇಷ್ಮೆಯ ಸೆರಗನ್ನು ಎಳೆಗೆ ಎಳೆ ಕೂಡಿಸುವುದು ಎಂಥ ಕೆಲಸವೆಂದು ಗದ್ವಾಲಿನಲ್ಲಿ ಮಗ್ಗದ ಮನೆ ನೋಡಿದವರಿಗೆ ಹೇಳಬೇಕಿಲ್ಲ. ನಾರಾಯಣಪೇಟೆಯಲ್ಲಿ ಒಂದೇ ಸಲಕ್ಕೆ ಎಂಟು ಸೀರೆಯ ಹಾಸನ್ನು ಮಗ್ಗಕ್ಕೇರಿಸಿ ನೇಯುವ ಪದ್ಧತಿ ಇದೆ; ಆ ಚೌಕಳಿ, ಆ ಗುಡಿ ಅಂಚು ನೋಡಿದ ಕೂಡಲೇ ಊರಿನ ಹೆಸರು ಹೇಳಬಹುದು. ಎರಡೂ ಊರಿನ ಸೀರೆಗೆ ಜಿ.ಐ. ಗುರುತು ಸಿಕ್ಕಿದೆ. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯೂ ಇದೆ. ಆದರೂ ನಕಲು ನಿಂತಿಲ್ಲ. ನಕಲು ಮಾರುವವರನ್ನು ನಾವು ಬಯ್ಯುವುದೂ ನಿಂತಿಲ್ಲ.

ಹಾಗೆ ಬಯ್ಯುವ ಮನೆಗಳಲ್ಲೇ ಮಗನ ಲ್ಯಾಪ್‌ಟಾಪ್ ತೆರೆದು ನೋಡಿ. ಒಳಗಿರುವ ಹತ್ತು ಆಟಗಳಲ್ಲಿ ರೊಕ್ಕ ಕೊಟ್ಟು ತಂದದ್ದು ಒಂದೂ ಇರುವುದಿಲ್ಲ. ಟೊರೆಂಟ್‌ನಿಂದ ಇಳಿಸಿದ್ದು, ರಾಯಚೂರಿನಲ್ಲಿ ಯಾವುದೋ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ತುಂಬಿಸಿಕೊಂಡು ಬಂದದ್ದು, ಗೆಳೆಯನ ಹಾರ್ಡ್‌ಡಿಸ್ಕಿನಿಂದ ಎತ್ತಿಕೊಂಡದ್ದು. ಅದಾದರೂ ಮನೆಯ ಮಾತು. ನಮ್ಮ ಯುವಜನ ಕೂಟ ಕ್ರಿಸ್ಮಸ್ ಹೊತ್ತಿಗೆ ಗೇಮಿಂಗ್ ಸ್ಪರ್ಧೆ ನಡೆಸಿತಲ್ಲ, ಅದೂ ಒಂದು ಪೆನ್‌ಡ್ರೈವ್‌ನಿಂದ ಎಂಟು ಕಂಪ್ಯೂಟರಿಗೆ ಹಾಕಿದ ಕ್ರ್ಯಾಕ್ ಆಟದ ಮೇಲೆ. ನಡೆದದ್ದು ಚರ್ಚಿನ ಹಾಲಿನಲ್ಲಿ. ಪ್ರಾರಂಭದ ಪ್ರಾರ್ಥನೆಯೂ ಆಯಿತು.

ಇದನ್ನು ಎತ್ತಿ ಆಡಿದರೆ ಮೊದಲು ಬರುವ ಉತ್ತರ: “ಕಾಪಿ ಮಾಡಿದ್ರ ಯಾರ್ದೇನ್ ಹೋಗ್ತದ ಅಣ್ಣಾ? ಅವರ ಆಟ ಅವರ ಹತ್ರಾನೇ ಇರ್ತದಲ್ಲ.”

ಸರಿ. ಪವರ್‌ಲೂಮಿನವನೂ ಗದ್ವಾಲಿನ ಮಗ್ಗದಿಂದ ಒಂದು ಸೀರೆಯನ್ನೂ ಎತ್ತಿಕೊಂಡು ಹೋಗಿಲ್ಲ. ನೇಕಾರರ ಸೀರೆ ನೇಕಾರರ ಹತ್ತಿರವೇ ಇದೆ, ಮಾರಾಟವಾಗದೆ. ಹೋದದ್ದು ಸೀರೆಯಲ್ಲ, ಅದನ್ನು ನೇಯ್ದ ದಿನಗಳ ಕೂಲಿ.

ಆಟದ ವಿಷಯದಲ್ಲಿ ಇದನ್ನು ತೋರಿಸಿಕೊಟ್ಟವರು ಇಬ್ಬರು ಅಣ್ಣತಮ್ಮಂದಿರು. ಗ್ರೀನ್‌ಹಾರ್ಟ್ ಗೇಮ್ಸ್ ಎಂಬ ಪುಟ್ಟ ಕಂಪನಿ ಕಟ್ಟಿಕೊಂಡು ‘ಗೇಮ್ ಡೆವ್ ಟೈಕೂನ್’ ಎಂಬ ಆಟ ಮಾಡಿ 2013ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದರು. ಬೆಲೆ ಸುಮಾರು 8 ಡಾಲರ್. ಬೀಗ ಹಾಕಲಿಲ್ಲ. ಬದಲಿಗೆ ಒಂದು ಕಿತಾಪತಿ ಮಾಡಿದರು: ತಾವೇ ಒಂದು ‘ಕ್ರ್ಯಾಕ್’ ಪ್ರತಿಯನ್ನು ಟೊರೆಂಟ್‌ಗೆ ಹಾಕಿದರು. ಆಟದಲ್ಲಿ ನೀವೊಂದು ಗೇಮ್ ಕಂಪನಿ ನಡೆಸಬೇಕು. ಆ ಪ್ರತಿಯಲ್ಲಿ ಮಾತ್ರ ನೀವು ಎಷ್ಟೇ ಒಳ್ಳೆಯ ಆಟ ಮಾಡಿದರೂ ಜನ ಅದನ್ನು ಪೈರಸಿ ಮಾಡಿ ಮಾಡಿ ಕೊನೆಗೆ ನಿಮ್ಮ ಕಂಪನಿ ದಿವಾಳಿಯಾಗುತ್ತದೆ. ಮೊದಲ ದಿನ ಕೊಂಡು ಆಡಿದವರು 214. ಕದ್ದು ಆಡಿದವರು 3,104. ಕದ್ದವರಲ್ಲೇ ಕೆಲವರು, ನಮ್ಮ ಕಂಪನಿ ಪೈರಸಿಯಿಂದ ಮುಳುಗುತ್ತಿದೆ, ಏನು ಮಾಡಬೇಕು ಎಂದು ಬಹಿರಂಗವಾಗಿ ಗೋಳಾಡಿದರು. ನಗು ಬರುತ್ತದೆ, ನಿಜ. ಆದರೆ 3,318 ಮಂದಿ ಆಡಿದ ಆಟಕ್ಕೆ 214 ಮಂದಿಯ ಕೂಲಿ ಸಿಕ್ಕರೆ ಆ ಇಬ್ಬರ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು?

ಎರಡನೆಯ ಉತ್ತರ, ಕಂಪನಿಗಳು ಸಾವಿರ ಕೋಟಿ ಕುಳಗಳು ಎಂಬುದು. ಕೆಲವು ಹೌದು. ಎಲ್ಲವೂ ಅಲ್ಲ. 2020ರಲ್ಲಿ ಬಂದ ‘ರಾಜಿ’ ಆಟವನ್ನು ಮಾಡಿದ್ದು ಪುಣೆಯ ಒಂದು ಸಣ್ಣ ತಂಡ. ಅದೂ ಕ್ರ್ಯಾಕ್ ಆಗಿ ಸಿಗುತ್ತದೆಯೇ ಎಂದು ಹುಡುಕುವವರು ನಮ್ಮ ಹುಡುಗರೇ. ಅಲ್ಲದೆ ಕೆಲಸದವನ ಕೂಲಿ ತಡೆಹಿಡಿದರೆ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂಬ ಯಕೋಬರ ಪತ್ರದ ಮಾತಿನಲ್ಲಿ ಯಜಮಾನ ಶ್ರೀಮಂತನಾದರೆ ವಿನಾಯಿತಿ ಎಂದೇನೂ ಇಲ್ಲ.

ಮೂರನೆಯದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಲಾರೆ. “ನಮ್ಮ ಹತ್ರ ಅಷ್ಟು ರೊಕ್ಕ ಎಲ್ಲದ?” ಹೊಸ ದೊಡ್ಡ ಆಟವೊಂದಕ್ಕೆ ಮೂರು ಸಾವಿರ, ನಾಲ್ಕು ಸಾವಿರ ರೂಪಾಯಿ. ಮಕ್ತಲ್ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸಲು ಹೋಗುವ ಅವ್ವನ ಎಷ್ಟು ದಿನದ ಕೂಲಿ ಅದು ಎಂದು ನೀವೇ ಲೆಕ್ಕ ಹಾಕಿ. ಅಮೆರಿಕದವನ ಸಂಬಳಕ್ಕೆ ಕಟ್ಟಿದ ಬೆಲೆಯನ್ನು ನಮಗೂ ಕಟ್ಟುವುದು ನ್ಯಾಯವಲ್ಲ. ಆದರೆ ಹೊಟ್ಟೆಗಿಲ್ಲದವನು ರೊಟ್ಟಿ ಎತ್ತಿಕೊಂಡ ಪ್ರಶ್ನೆ ಇದಲ್ಲ. ಆಟ ರೊಟ್ಟಿಯಲ್ಲ, ಔಷಧವೂ ಅಲ್ಲ. ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ಆರು ತಿಂಗಳು ಕಾದರೆ ಅರ್ಧ ಬೆಲೆಗೆ ಬರುತ್ತದೆ. ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ ಇದೆ, ಸೇಲ್ ಬಂದಾಗ ಇನ್ನೂರು-ಮುನ್ನೂರಕ್ಕೆ ಒಳ್ಳೊಳ್ಳೆಯ ಆಟ ಸಿಗುತ್ತವೆ. ಎಪಿಕ್‌ನವರು 2018ರ ಕೊನೆಯಿಂದ ಪುಕ್ಕಟೆಯಾಗಿ ಆಟ ಕೊಡುತ್ತಾ ಬಂದಿದ್ದಾರೆ. ಜಿಟಿಎ 5 ಕೂಡ 2020ರ ಮೇ ತಿಂಗಳಲ್ಲಿ ಒಂದು ವಾರ ಪುಕ್ಕಟೆ ಇತ್ತು. ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತಿದ್ದ ನಮ್ಮವರು ಆ ವಾರವೂ ಕ್ರ್ಯಾಕ್ ಹುಡುಕುತ್ತಿದ್ದರೆ ಅದನ್ನು ಬಡತನ ಎನ್ನುವುದು ಹೇಗೆ? (ಆ ಆಟದೊಳಗೆ ಏನೇನಿದೆ ಎಂಬುದು ಬೇರೆಯೇ ಜಗಳ. ಅವ್ವಂದಿರು ಒಮ್ಮೆ ಮಗನ ಪಕ್ಕದಲ್ಲಿ ಅರ್ಧ ಗಂಟೆ ಕೂತು ನೋಡಲಿ, ಸಾಕು.)

ಕ್ರ್ಯಾಕ್ ಪುಕ್ಕಟೆ ಎಂದುಕೊಂಡವರಿಗೆ ಇನ್ನೊಂದು ಸುದ್ದಿ. 2021ರ ಜೂನ್‌ನಲ್ಲಿ ಅವಾಸ್ಟ್ ಎಂಬ ಆಂಟಿವೈರಸ್ ಕಂಪನಿ ‘ಕ್ರ್ಯಾಕೊನೋಶ್’ ಎಂಬ ಕೆಟ್ಟ ಪ್ರೋಗ್ರಾಮನ್ನು ಬಯಲಿಗೆಳೆಯಿತು. ಅದು ಸೇರಿಕೊಂಡಿದ್ದು ಕ್ರ್ಯಾಕ್ ಮಾಡಿದ ಆಟಗಳಲ್ಲಿ. ಕಂಪ್ಯೂಟರಿನ ಕಾವಲನ್ನೇ ಆರಿಸಿ, ಅದರ ಶಕ್ತಿಯನ್ನೆಲ್ಲ ಬಳಸಿ ಯಾರಿಗೋ ಕ್ರಿಪ್ಟೊ ಹಣ ಸಂಪಾದಿಸಿಕೊಡುತ್ತಿತ್ತು. ಸಿಕ್ಕಿಬಿದ್ದ ಕಂಪ್ಯೂಟರುಗಳು 2,22,000ಕ್ಕೂ ಹೆಚ್ಚು, ಹೆಚ್ಚು ಹಾನಿಯಾದ ದೇಶಗಳಲ್ಲಿ ಭಾರತವೂ ಒಂದು. ನಮ್ಮ ಮನೆಗಳಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ತಂಗಿಯ ಸ್ಕಾಲರ್‌ಶಿಪ್ ಅರ್ಜಿ, ಅಪ್ಪನ ಆಧಾರ್, ಬ್ಯಾಂಕಿನ ಪಾಸ್‌ವರ್ಡ್ ಎಲ್ಲ ಅದರಲ್ಲೇ. “ಮೊದಲು ಆಂಟಿವೈರಸ್ ಆಫ್ ಮಾಡಿ” ಎಂದು ಗುರುತಿಲ್ಲದವನು ಹೇಳಿದ ಕೂಡಲೇ ಆಫ್ ಮಾಡುತ್ತೀರಲ್ಲ, ಬಾಗಿಲ ಚಿಲಕ ತೆಗೆದಿಡು ಎಂದರೂ ತೆಗೆದಿಡುತ್ತೀರಾ?

ಇಷ್ಟು ಹೇಳಿದ ಮೇಲೆ ಎದುರು ಕಡೆಯವರಿಗೂ ಬಯ್ಯಬೇಕು. ಪೈರಸಿಯನ್ನು ಪಾಪವೆಂದು ಹೇಳಿ ಕೈತೊಳೆದುಕೊಳ್ಳುವ ಉಪದೇಶಗಳು ಇಲ್ಲೇ ನಿಂತುಬಿಡುತ್ತವೆ, ಅದಕ್ಕೇ ಹುಡುಗರು ಕೇಳುವುದಿಲ್ಲ. ಕಾಪಿ ಆಗದಂತೆ ಕಂಪನಿಗಳು ಹಾಕುವ ಬೀಗ ಇದೆಯಲ್ಲ, ಡಿಆರ್‌ಎಂ ಎನ್ನುತ್ತಾರೆ, ಅದು ಕಳ್ಳನಿಗಿಂತ ಹೆಚ್ಚಾಗಿ ಕೊಂಡವನನ್ನೇ ಕಾಡುತ್ತದೆ.

ಸೀರೆಯನ್ನೇ ನೋಡಿ. ಜಿ.ಐ. ಗುರುತು ನೇಕಾರರ ಹೆಸರನ್ನು ಕಾಯುತ್ತದೆ. ಆದರೆ ಅವ್ವ ರೊಕ್ಕ ಕೊಟ್ಟು ಸೀರೆ ಮನೆಗೆ ತಂದ ಮೇಲೆ ಅದು ಅವ್ವನದು. ಚಿಕ್ಕಮ್ಮನಿಗೆ ಮದುವೆಗೆ ಉಡಲು ಕೊಡಬಹುದು. ಮಗಳಿಗೆ ಕೊಡಬಹುದು. ಹಳೆಯದಾದ ಮೇಲೆ ಕತ್ತರಿಸಿ ಕೌದಿ ಹೊಲಿಯಬಹುದು, ಮೊಮ್ಮಗನಿಗೆ ಜೋಳಿಗೆ ಕಟ್ಟಬಹುದು. ಸೊಸೈಟಿಯವರು ಅಲ್ಮೇರಾದಲ್ಲಿ ಬಂದು ಕೂತು, ಇದು ಮೂರನೆಯ ಮದುವೆ, ಇನ್ನು ಉಡುವಂತಿಲ್ಲ ಎನ್ನುವುದಿಲ್ಲ.

ಆಟದ ಕಂಪನಿಗಳು ಅದನ್ನೇ ಹೇಳಿವೆ. 2008ರಲ್ಲಿ ಇಎ ಕಂಪನಿಯ ‘ಸ್ಪೋರ್’ ಬಂದಾಗ ಮೂರು ಕಂಪ್ಯೂಟರಿಗೆ ಮಾತ್ರ ಹಾಕಿಕೊಳ್ಳಬಹುದೆಂಬ ಬೀಗ ಇತ್ತು. ಕೊಂಡವರು ರೇಗಿದರು, ಮೊಕದ್ದಮೆ ಹೂಡಿದರು, ಕಂಪನಿ ಮೂರನ್ನು ಐದು ಮಾಡಿತು. ತಮಾಷೆಯೆಂದರೆ ಟೊರೆಂಟ್‌ಫ್ರೀಕ್ ಲೆಕ್ಕದ ಪ್ರಕಾರ ಆ ವರ್ಷ ಟೊರೆಂಟ್‌ನಲ್ಲಿ ಅತಿ ಹೆಚ್ಚು ಜನ ಇಳಿಸಿಕೊಂಡದ್ದು ಅದೇ ಆಟ! 2010ರಲ್ಲಿ ಯೂಬಿಸಾಫ್ಟ್‌ನ ‘ಅಸ್ಸಾಸಿನ್ಸ್ ಕ್ರೀಡ್ 2’ ಒಬ್ಬನೇ ಕೂತು ಆಡುವ ಆಟವಾದರೂ ಆಡುವಷ್ಟು ಹೊತ್ತೂ ಇಂಟರ್ನೆಟ್ ಇರಬೇಕೆಂದಿತು. ಮಾರ್ಚ್ ತಿಂಗಳಲ್ಲಿ ಯಾರೋ ಅವರ ಸರ್ವರ್ ಮೇಲೆ ದಾಳಿ ಮಾಡಿದಾಗ ರೊಕ್ಕ ಕೊಟ್ಟವರು ಆಡಲಾಗದೆ ಕೂತರು. ಗಾಳಿ ಮಳೆ ಬಂದರೆ ನೆಟ್ ಜೊತೆಗೆ ಕರೆಂಟೂ ಹೋಗುವ ಕೃಷ್ಣಾ ತೀರದ ಊರುಗಳಲ್ಲಿ ಇಂಥ ಆಟವನ್ನು ಯಾರು ಕೊಳ್ಳಬೇಕು? ಅದೇ ಕಂಪನಿಯ ‘ದಿ ಕ್ರೂ’ ಎಂಬ ಕಾರಿನ ಆಟ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಅಂದಿನಿಂದ ಪೂರ್ತಿ ಬೆಲೆ ಕೊಟ್ಟವನ ಡಿಸ್ಕ್ ಕೂಡ ಬರೀ ಪ್ಲಾಸ್ಟಿಕ್. ಇದರ ವಿರುದ್ಧ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿ ಕಾನೂನು ಕೇಳಿದ್ದಾರೆ. ಸರಿಯಾದದ್ದನ್ನೇ ಕೇಳಿದ್ದಾರೆ. ‘ಮಾರುತ್ತೇವೆ’ ಎಂದು ಬೆಲೆ ತೆಗೆದುಕೊಂಡು ಬಾಡಿಗೆಗೆ ಕೊಟ್ಟರೆ ಅದು ಹಳೆ ಒಡಂಬಡಿಕೆ ಮತ್ತೆ ಮತ್ತೆ ಖಂಡಿಸುವ ಮೋಸದ ತಕ್ಕಡಿಯೇ.

ಹಾಗಾದರೆ ಕ್ರ್ಯಾಕ್ ಮಾಡುವುದು ಈ ಮೋಸಕ್ಕೆ ಉತ್ತರವೇ? ಇಲ್ಲಿ ಇಬ್ಬರನ್ನು ಬೇರೆ ಮಾಡಿ ನೋಡಬೇಕು. ಪೂರ್ತಿ ಬೆಲೆ ಕೊಟ್ಟು ಕೊಂಡವನು ಕೆಟ್ಟುನಿಂತ ತನ್ನ ಡಿಸ್ಕಿನ ಬೀಗ ತೆಗೆದು ತಾನೇ ಆಡಿದರೆ ಅವನನ್ನು ಕಳ್ಳ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ನಮ್ಮ ದೇಶದ ಕಾನೂನು ಕೂಡ ಇದನ್ನು ಯೋಚಿಸಿದೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ವಿಧಿ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ, ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದಿದ್ದರೆ ಮಾತ್ರ. ಕೊಂಡ ಪ್ರೋಗ್ರಾಮ್ ಹಾಳಾದೀತೆಂದು ಬ್ಯಾಕಪ್ ಇಟ್ಟುಕೊಳ್ಳಲೂ ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಒಂದು ಪೈಸೆಯನ್ನೂ ಕೊಡದೆ ಇಳಿಸಿಕೊಂಡು “ನಾನು ಡಿಆರ್‌ಎಂ ವಿರೋಧಿ” ಎನ್ನುವವನ ಮಾತು ಬೇರೆ. ಅವನಿಗೆ 63ಬಿ ವಿಧಿ ಇದೆ. ಕದ್ದ ಪ್ರೋಗ್ರಾಮ್ ಎಂದು ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಅಲ್ಲದಿದ್ದರೆ ನ್ಯಾಯಾಲಯ ಜೈಲು ಬಿಟ್ಟು 50 ಸಾವಿರದವರೆಗಿನ ದಂಡಕ್ಕೆ ಇಳಿಸಬಹುದು. ಇಂಥವನು ಯಾವ ಕಂಪನಿಗೂ ಪಾಠ ಕಲಿಸುತ್ತಿಲ್ಲ. ಇನ್ನೂ ದೊಡ್ಡ ಬೀಗ ಹಾಕಲು ಅವರಿಗೆ ನೆಪ ಒದಗಿಸುತ್ತಿದ್ದಾನೆ, ಆ ಬೀಗದ ಭಾರ ಬೀಳುವುದು ನಿಯತ್ತಾಗಿ ಕೊಂಡವನ ತಲೆಯ ಮೇಲೆ.

ಬೀಗವಿಲ್ಲದೆ ಮಾರುವವರಿಗೆ ನಮ್ಮ ರೊಕ್ಕ ಹೋಗಬೇಕು. ಅದೇ ಕಂಪನಿಗಳಿಗೆ ಅರ್ಥವಾಗುವ ಭಾಷೆ. ಸಿಡಿ ಪ್ರೊಜೆಕ್ಟ್ ಎಂಬುದು 1994ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಕಂಪನಿ. ಆಗ ಅಲ್ಲಿ ಕಳ್ಳ ಸಿಡಿಗಳು ಸಂತೆಯಲ್ಲೇ ರಾಶಿ ಹಾಕಿ ಮಾರಾಟವಾಗುತ್ತಿದ್ದವು, ನಮ್ಮಲ್ಲಿ ಸಿನಿಮಾ ಸಿಡಿ ಮಾರುತ್ತಿದ್ದ ಹಾಗೆ. ಇವರು 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಎಂಬ ಪರದೇಶದ ಆಟವನ್ನು ಜನರ ಮಾತೃಭಾಷೆಗೆ ತಂದು, ಡಬ್ಬಿಯಲ್ಲಿ ನಕ್ಷೆ, ಪುಸ್ತಕ ಎಲ್ಲ ಇಟ್ಟು, ಕೊಳ್ಳುವುದೇ ಮೇಲು ಎನ್ನಿಸುವಂತೆ ಮಾಡಿದರು. ಮುಂದೆ ತಮ್ಮದೇ ‘ವಿಚರ್ 3’ ಆಟವನ್ನು 2015ರಲ್ಲಿ ತಮ್ಮ ಜಿಒಜಿ ಅಂಗಡಿಯಲ್ಲಿ ಮೊದಲ ದಿನದಿಂದಲೇ ಬೀಗವಿಲ್ಲದೆ ಮಾರಿದರು. ಬೇಕಾದವರು ಸುಲಭವಾಗಿ ಕಾಪಿ ಮಾಡಬಹುದಿತ್ತು. ಆದರೂ ಆ ಆಟ ಒಟ್ಟು 5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ನಂಬಿಕೆಯಿಂದ ಕೊಟ್ಟರೆ ಜನ ಕೊಳ್ಳುತ್ತಾರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಈಗ ಹಿರಿಯರಿಗೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಧರ್ಮೋಪದೇಶ ತರಗತಿಯಲ್ಲಿ ಏಳನೆಯ ಆಜ್ಞೆ ಕಲಿಸುವ ನಾವೇ ಚರ್ಚಿನ ಪತ್ರ, ಹಬ್ಬದ ಬ್ಯಾನರ್, ಪೂಜೆಯ ಹಾಳೆ ಎಲ್ಲವನ್ನೂ ಯಾವ ಕಂಪ್ಯೂಟರಿನಲ್ಲಿ ಮಾಡಿಸುತ್ತೇವೆ? ಅದರಲ್ಲಿರುವ ವಿಂಡೋಸ್, ಫೋಟೊಶಾಪ್ ಕೊಂಡದ್ದೇ? ಹಾಡಿನ ಪುಸ್ತಕ ಒಂದು ಕೊಂಡು ನಲವತ್ತು ಝೆರಾಕ್ಸ್ ಮಾಡಿಸುವುದನ್ನು ಮಕ್ಕಳು ನೋಡಿಲ್ಲವೇ? ಲಿಬ್ರೆಆಫೀಸ್, ಗಿಂಪ್ ಪುಕ್ಕಟೆ ಸಿಗುತ್ತವೆ. ಯೂನಿಕೋಡ್ ಬಂದ ಮೇಲೆ ಕನ್ನಡವೂ ತೆಲುಗೂ ಅದರಲ್ಲಿ ಚೆನ್ನಾಗಿ ಮೂಡುತ್ತವೆ. ಜಕ್ಕಾಯ ತಾನು ವಂಚಿಸಿದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆಂದು ನಿಂತ. ನಮಗೆ ಅಷ್ಟು ಖರ್ಚೂ ಇಲ್ಲ, ಒಂದು ಶನಿವಾರ ಮಧ್ಯಾಹ್ನ ಕೂತು ಕಂಪ್ಯೂಟರ್ ಸ್ವಚ್ಛ ಮಾಡಿದರೆ ಸಾಕು. ಅದಾಗುವವರೆಗೆ ಹುಡುಗರಿಗೆ ಪಾಪನಿವೇದನೆಗೆ ಹೋಗು ಎನ್ನಲು ನಮಗೆ ಬಾಯಿಲ್ಲ.

ಯುವಜನ ಕೂಟಕ್ಕೆ ನನ್ನ ಬೇಡಿಕೆ ಇಷ್ಟೇ. ಈ ಸಲದ ಕ್ರಿಸ್ಮಸ್ ಸ್ಪರ್ಧೆ ಕ್ರ್ಯಾಕ್ ಆಟದ ಮೇಲೆ ನಡೆಯಬಾರದು. ಕಾರ್ ರೇಸ್ ಬೇಕೆಂದರೆ ‘ಸೂಪರ್‌ಟಕ್ಸ್‌ಕಾರ್ಟ್’ ಇದೆ, ನಮ್ಮ ಹಳೆಯ ಕಂಪ್ಯೂಟರುಗಳಲ್ಲೂ ಓಡುತ್ತದೆ. ‘ಏಜ್ ಆಫ್ ಎಂಪೈರ್ಸ್’ ಥರದ ಯುದ್ಧ ಬೇಕೆಂದರೆ ‘0 ಎ.ಡಿ.’ ಇದೆ. ಎರಡನ್ನೂ ಮಾಡಿದವರೇ, ಕಾಪಿ ಮಾಡಿ, ಹಂಚಿ ಎಂದು ಲೈಸೆನ್ಸಿನಲ್ಲಿ ಬರೆದುಕೊಟ್ಟಿದ್ದಾರೆ. ಫುಟ್‌ಬಾಲ್ ಆಟವೇ ಬೇಕೆಂದು ಹಟ ಹಿಡಿದರೆ ಪ್ರವೇಶ ಶುಲ್ಕ ಕೂಡಿಸಿ ಸೇಲ್‌ನಲ್ಲಿ ಒಂದು ಪ್ರತಿ ಕೊಂಡು, ಒಂದೇ ಪರದೆಯ ಮುಂದೆ ಇಬ್ಬಿಬ್ಬರಾಗಿ ಆಡಿ. ನೋಡುವವರಿಗೂ ಅದೇ ಚೆಂದ. ಕಳೆದ ಸಲ ಪೆನ್‌ಡ್ರೈವ್ ಹಿಡಿದು ಓಡಾಡಿದ ಅಣ್ಣನನ್ನು ದಯವಿಟ್ಟು ದೂರ ಇಡಬೇಡಿ. ಎಂಟು ಕಂಪ್ಯೂಟರಿಗೆ ಅರ್ಧ ಗಂಟೆಯಲ್ಲಿ ಆಟ ಹಾಕಿ ಕೊಡುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ.