ಅಕ್ಷರಕ್ಕೆ ತೊಗಲಿನ ಹೊಳಪು

ದಸರೆ, ದೀಪಾವಳಿ ಸಮೀಪಿಸಿತೆಂದರೆ ಸಾಂಗಲಿ–ಮಿರಜ ಭಾಗದ ಮುದ್ರಣದ ಅಂಗಡಿಗಳಲ್ಲಿ ಕೆಲಸ ಹೆಚ್ಚುತ್ತದೆ. ಸಾಂಗಲಿಯ ಬದಿಯಲ್ಲೇ ಇರುವ ಬುಧಗಾಂವವೂ ಇದಕ್ಕೆ ಹೊರತಲ್ಲ. ಒಂದು ಕಾಲಕ್ಕೆ ಕಿರಿಯ ಮಿರಜ ಸಂಸ್ಥಾನದ ರಾಜಧಾನಿಯಾಗಿದ್ದ ಈ ಊರಿನಲ್ಲಿ ಇಂದು ಇಂಜಿನಿಯರಿಂಗ್ ಕಾಲೇಜಿದೆ; ಗಣಕಯಂತ್ರ ಬಲ್ಲ ಯುವಕರಿಗೆ ಇಲ್ಲಿ ಬರವಿಲ್ಲ. ಚಪ್ಪಲಿ ವ್ಯಾಪಾರಿಯೊಬ್ಬರು ಇಂಥ ಯುವಕನ ಮುಂದೆ ಬಂದು ಕುಳಿತು, ಮೊಬೈಲಿನಲ್ಲಿ ಮಿರಮಿರನೆ ಮಿಂಚುವ ತೊಗಲಿನ ಅಕ್ಷರಗಳ ಚಿತ್ರವೊಂದನ್ನು ತೋರಿಸುತ್ತಾರೆಂದು ಓದುಗರು ಭಾವಿಸಿಕೊಳ್ಳಬಹುದು. "ಅಕ್ಷರ ಹಿಂಗ ಮಿಂಚಬೇಕ ನೋಡ್ರಿ, ಕೈ ಹಚ್ಚಿದ್ರ ತೊಗಲs ಅನಸಬೇಕು" ಎಂಬುದು ಅವರ ಬೇಡಿಕೆ. ಮೇಲಿನ ಸಾಲು ಮರಾಠಿಯಲ್ಲಿ, ಕೆಳಗಿನದು ಕನ್ನಡದಲ್ಲಿ. ಜತ್ತ, ಅಥಣಿಯ ಕಡೆಯಿಂದ ಬರುವ ಗಿರಾಕಿಗಳಿಗೆ ಕನ್ನಡದ ಸಾಲು ಬೇಕೇಬೇಕು.

ಮರಾಠಿಯ ಸಾಲು ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ. ಕನ್ನಡದ ಸಾಲಿನಲ್ಲಿ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಬೀಳುತ್ತದೆ. ಒಂದೆರಡು ಸಲ ಯತ್ನಿಸಿದ ಬಳಿಕ "ಕನ್ನಡ ಬಿಟ್ಟುಬಿಡೋಣವೇ?" ಎಂಬ ಪ್ರಶ್ನೆ ಹುಟ್ಟುತ್ತದೆ. ಗಡಿಭಾಗದ ಫಲಕಗಳಿಂದ ಕನ್ನಡ ಮರೆಯಾಗುವುದು ಯಾವಾಗಲೂ ವಿರೋಧದಿಂದಲೇ ಅಲ್ಲ. ಕೆಲವೊಮ್ಮೆ ಇಂಥ ಬೇಸರದಿಂದಲೂ ಹೌದು. ಆದ್ದರಿಂದ ತೊಗಲಿನ ಹೊಳಪನ್ನು ಅಕ್ಷರಕ್ಕೆ ತರುವ ಬಗೆಯನ್ನೂ ಆ ಹೊಳಪಿನಲ್ಲಿ ಕನ್ನಡ ಅಕ್ಷರ ಕೆಡದಂತೆ ಕಾಯುವ ಬಗೆಯನ್ನೂ ಒಟ್ಟಿಗೇ ತಿಳಿಯುವುದು ಒಳಿತು.

ಮೊದಲು ಹೊಳಪೆಂದರೇನು ಎಂಬುದನ್ನು ನೋಡಬೇಕು. ತೊಗಲಿನ ಮೇಲೆ ಬಿದ್ದ ಬೆಳಕು ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ಒಂದು ಪಾಲು ತೊಗಲಿನ ಒಳಹೊಕ್ಕು, ಅದರ ಬಣ್ಣವನ್ನು ಹೊತ್ತು, ಎಲ್ಲ ದಿಕ್ಕಿಗೂ ಚದುರುತ್ತದೆ. ಕಂದು ತೊಗಲು ಕಂದಾಗಿ ಕಾಣುವುದು ಇದರಿಂದ. ಇನ್ನೊಂದು ಪಾಲು ಮೇಲ್ಮೈಯ ನಯವಾದ ಲೇಪದ ಮೇಲಿಂದಲೇ ಕನ್ನಡಿಯಲ್ಲಿ ಬಿದ್ದಂತೆ ಒಂದೇ ದಿಕ್ಕಿಗೆ ಹಾರುತ್ತದೆ, ಇದೇ ಹೊಳಪು. ಅದರ ಬಣ್ಣ ತೊಗಲಿನದಲ್ಲ, ದೀಪದ್ದು. ಹೊಸಬರು ಹೊಳಪಿಗಾಗಿ ಕಂದು ಬಣ್ಣವನ್ನೇ ತಿಳಿಗೊಳಿಸುತ್ತಾರೆ. ಆಗ ಅಕ್ಷರ ಹೊಳೆಯುವ ತೊಗಲಿನಂತೆ ಕಾಣದೆ, ಬಿಸಿಲಿಗೆ ಬಣ್ಣ ಕಳೆದುಕೊಂಡ ತೊಗಲಿನಂತೆ ಕಾಣುತ್ತದೆ. ಹೊಳಪಿನ ಗೆರೆ ಬಿಳಿಯಾಗಿ, ಕಿರಿದಾಗಿ, ಅಂಚು ಸ್ಪಷ್ಟವಾಗಿ ಇರಬೇಕು.

ಈ ಲೆಕ್ಕವನ್ನು ಗಣಕಯಂತ್ರಕ್ಕೆ ಕಲಿಸಿದವರಲ್ಲಿ ಬುಯಿ ತುವಾಂಗ್ ಫಾಂಗ್ ಪ್ರಮುಖರು. ಸುತ್ತಲಿನ ಬೆಳಕು, ಚದುರಿದ ಬೆಳಕು, ಕನ್ನಡಿಯ ಬಗೆಯ ಹೊಳಪು ಈ ಮೂರನ್ನೂ ಕೂಡಿಸಿ ಮೇಲ್ಮೈಯನ್ನು ಚಿತ್ರಿಸುವ ಅವರ ವಿಧಾನ 1975ರಲ್ಲಿ ಪ್ರಕಟವಾಯಿತು. 1978ರಲ್ಲಿ ಜೇಮ್ಸ್ ಬ್ಲಿನ್ ಇನ್ನೊಂದು ಉಪಾಯವನ್ನು ಹೇಳಿದರು: ಮೇಲ್ಮೈಯ ಆಕಾರವನ್ನು ಬದಲಿಸದೆಯೇ, ಬೆಳಕಿನ ಲೆಕ್ಕಕ್ಕಾಗಿ ಅದು ಅಲ್ಲಲ್ಲಿ ಓರೆಯಾಗಿದೆ ಎಂದು ಭಾವಿಸಿದರೆ ಸುಕ್ಕು, ಉಬ್ಬುಗಳು ಇರುವಂತೆ ಕಾಣುತ್ತವೆ. ಇಂದು ಫೋಟೋಶಾಪಿನಲ್ಲಾಗಲಿ, ಉಚಿತವಾಗಿ ದೊರೆಯುವ ಗಿಂಪ್‌ನಲ್ಲಾಗಲಿ ಚಪ್ಪಟೆ ಅಕ್ಷರ ಉಬ್ಬಿ ಮಿಂಚುವಂತೆ ಕಾಣುವುದರ ಹಿಂದೆ ಇಂಥದೇ ಲೆಕ್ಕವಿದೆ. ಅಲ್ಲಿ ತೊಗಲಿಲ್ಲ, ಉಬ್ಬಿಲ್ಲ. ಇರುವುದು ನೆರಳು–ಬೆಳಕಿನ ಹಂಚಿಕೆ ಮಾತ್ರ.

ಇನ್ನು ಕೆಲಸದ ಕ್ರಮ. ಪರೀಕ್ಷೆಗೆ "ಚರ್ಮದ ಚಪ್ಪಲಿ" ಎಂಬ ಎರಡು ಪದಗಳು ಸಾಕು. ಒಂದರಲ್ಲಿ ಅರ್ಕಾವೊತ್ತು, ಇನ್ನೊಂದರಲ್ಲಿ ಒತ್ತಕ್ಷರ. ಇವೆರಡೂ ಸರಿಯಾಗಿ ಮೂಡಿದರೆ ಉಳಿದದ್ದು ಬಹುಮಟ್ಟಿಗೆ ಸರಿಯಾದಂತೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಒತ್ತುಗಳು ಒಡೆದು ಬೀಳಲು ಕಾರಣ ಅಕ್ಷರ ಜೋಡಣೆಯ ಆಯ್ಕೆ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಮಿಡ್ಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್ ಎಂಬುದನ್ನು ಆರಿಸಿ, ತಂತ್ರಾಂಶವನ್ನು ಮುಚ್ಚಿ ತೆರೆದು, ಹೊಸ ಕಡತದಲ್ಲಿ ಬರೆದರೆ ಯೂನಿಕೋಡ್ ಕನ್ನಡ ಕೂಡಿಕೊಳ್ಳುತ್ತದೆ. ಗಿಂಪ್‌ನಲ್ಲಿ ಈ ತೊಡಕು ಸಾಮಾನ್ಯವಾಗಿ ಇಲ್ಲ. ಯೂನಿಕೋಡ್ ಅಲ್ಲದ ಹಳೆಯ ಲಿಪಿಗಳಲ್ಲಿ ಬರೆದ ಪಠ್ಯವಾದರೆ, ಆ ಲಿಪಿ ಇಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಅಂಥದನ್ನು ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಅಕ್ಷರದ ವಿನ್ಯಾಸ ದಪ್ಪವಾಗಿ, ಮೂಲೆಗಳು ದುಂಡಗಾಗಿ ಇರಬೇಕು. ತೆಳು ಗೆರೆಯ ಮೇಲೆ ತೊಗಲು ಕೂರುವುದಿಲ್ಲ. ಮುಂಬಯಿಯ ಏಕ್ ಟೈಪ್ ಬಳಗ ರೂಪಿಸಿದ ಬಾಲೂ ಕುಟುಂಬದ ಲಿಪಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ದೇವನಾಗರಿಗೆ ಬಾಲೂ, ಕನ್ನಡಕ್ಕೆ ಬಾಲೂ ತಮ್ಮ. ಎರಡೂ ಒಂದೇ ಮೈಕಟ್ಟಿನವು, ಎರಡೂ ಉಚಿತ. ಎರಡು ಭಾಷೆಯ ಫಲಕದಲ್ಲಿ ಒಂದು ಸಾಲು ಮನೆಯದು, ಇನ್ನೊಂದು ಎರವಲು ಎಂಬಂತೆ ಕಾಣದಿರಲು ಇಂಥ ಜೋಡಿ ಅಗತ್ಯ.

ಮುಂದಿನದು ತೊಗಲಿನ ಮೈ. ನಿಜವಾದ ತೊಗಲಿನ ತುಂಡೊಂದನ್ನು ಮೋಡ ಕವಿದ ಹಗಲಿನಲ್ಲಿ, ನೆರಳಿನಲ್ಲಿಟ್ಟು ನೇರವಾಗಿ ಮೇಲಿನಿಂದ ಛಾಯಾಚಿತ್ರ ತೆಗೆಯುವುದು ಉತ್ತಮ. ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಮೊದಲೇ ಒಂದು ಹೊಳಪು ಇರುತ್ತದೆ. ತಂತ್ರಾಂಶ ಇನ್ನೊಂದನ್ನು ಸೇರಿಸಿದಾಗ ಎರಡು ಸೂರ್ಯರು ಉದಿಸಿದಂತಾಗುತ್ತದೆ. ಈ ಚಿತ್ರವನ್ನು ಅಕ್ಷರದ ಪದರದ ಮೇಲಿಟ್ಟು ಕ್ಲಿಪ್ಪಿಂಗ್ ಮಾಸ್ಕ್ ಮಾಡಿದರೆ ಅದು ಅಕ್ಷರದ ಆಕಾರದೊಳಗೆ ಮಾತ್ರ ಕಾಣುತ್ತದೆ. ತೊಗಲಿನ ಕಣಗಳ ಗಾತ್ರವನ್ನು ಅಕ್ಷರದ ಗೆರೆಗೆ ಹೊಂದಿಸಬೇಕು. ಕಣ ದೊಡ್ಡದಾದರೆ ಚಪ್ಪಲಿಯ ತೊಗಲು ಆನೆಯ ಚರ್ಮವಾಗುತ್ತದೆ.

ಉಬ್ಬಿಗಾಗಿ ಬೆವೆಲ್ ಆಂಡ್ ಎಂಬಾಸ್ ಇದೆ. ಇದರಲ್ಲಿ ಇನ್ನರ್ ಬೆವೆಲ್ ಆರಿಸಿ, ಬೆಳಕನ್ನು ಎಡ ಮೇಲುಗಡೆಯಿಂದ ಬರುವಂತೆ ಇರಿಸುವುದು ರೂಢಿ. ಬೆಳಕಿನ ಎತ್ತರ 30 ಡಿಗ್ರಿ ಇದ್ದಾಗ ಹೊಳಪು ಅಂಚಿನಲ್ಲಿ ನಿಲ್ಲುತ್ತದೆ. 60–70ಕ್ಕೆ ಏರಿಸಿದರೆ ಅಕ್ಷರದ ಮೈಮೇಲೆ ಸರಿದು ಬರುತ್ತದೆ. ಗ್ಲಾಸ್ ಕಾಂಟೂರ್‌ನ ಗೆರೆಯನ್ನು ಕಡಿದಾಗಿ ಬಾಗಿಸಿದಷ್ಟೂ ಮೆರುಗು ಹೆಚ್ಚು. ಹೊಳಪಿಗೆ ಸ್ಕ್ರೀನ್, ನೆರಳಿಗೆ ಮಲ್ಟಿಪ್ಲೈ. ನೆರಳಿಗೆ ಕಡುಗಪ್ಪಿನ ಬದಲು ಗಾಢ ಕಂದು ಬಣ್ಣ ಕೊಟ್ಟರೆ ತೊಗಲು ಬೆಚ್ಚಗೆ ಕಾಣುತ್ತದೆ. ಮಿಕ್ಕದ್ದು ಅಂಚಿನ ಹೊಲಿಗೆ. ಅಕ್ಷರದ ಆಯ್ಕೆಯನ್ನು ಕೆಲವು ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ, ಅದನ್ನು ಪಾಥ್ ಆಗಿಸಿ, ನಡುವೆ ಅಂತರವಿಟ್ಟ ಉದ್ದನೆಯ ಬ್ರಶ್‌ನಿಂದ ಗೆರೆ ಎಳೆದರೆ ದಾರದ ಹೊಲಿಗೆಯಂತೆ ಮೂಡುತ್ತದೆ.

ಕನ್ನಡಕ್ಕೆ ಪೆಟ್ಟು ಬೀಳುವುದು ಇಲ್ಲಿಯೇ. ಬೆವೆಲ್‌ನ ಗಾತ್ರ ಪಿಕ್ಸೆಲ್‌ಗಳಲ್ಲಿ ನಿಗದಿಯಾಗಿರುತ್ತದೆ. ದೊಡ್ಡ "ಚ"ಕ್ಕೂ ಅದೇ, ಕೆಳಗಿನ ಪುಟ್ಟ ಪ-ಒತ್ತಿಗೂ ಅದೇ. ಮುಖ್ಯ ಅಕ್ಷರದ ಗೆರೆ 60 ಪಿಕ್ಸೆಲ್, ಒತ್ತಿನ ಗೆರೆ 24 ಪಿಕ್ಸೆಲ್ ಇದ್ದರೆ, 30ರ ಬೆವೆಲ್ ಮೊದಲನೆಯದಕ್ಕೆ ತುಂಬಿದ ಮೈ ಕೊಡುತ್ತದೆ, ಎರಡನೆಯದನ್ನು ನೆರಳಿನಲ್ಲಿ ಮುಳುಗಿಸುತ್ತದೆ. ಅಂಚುಗಳು ಎರಡು ಕಡೆಯಿಂದ ಬಂದು ನಡುವೆ ಸೇರುವುದರಿಂದ, ಅತಿ ತೆಳುವಾದ ಗೆರೆಯ ಅರ್ಧವನ್ನು ಬೆವೆಲ್ ಮೀರಬಾರದು ಎಂಬುದು ನಂಬಬಹುದಾದ ಅಳತೆ. ಮೇಲಿನ ಲೆಕ್ಕದಲ್ಲಿ ಅದು 12. ಹೆಚ್ಚು ಉಬ್ಬು ಬೇಕೆಂದರೆ ಒತ್ತುಗಳನ್ನು ಬೇರೆ ಪದರಕ್ಕೆ ತಂದು ಅವಕ್ಕೆ ಬೇರೆ ಬೆವೆಲ್ ಕೊಡಬೇಕು. ಮೂಲ ಪಠ್ಯದ ಪ್ರತಿಯೊಂದನ್ನು ಮಾತ್ರ ಬಚ್ಚಿಟ್ಟ ಪದರದಲ್ಲಿ ಉಳಿಸಿಕೊಳ್ಳಬೇಕು. ಹೊಲಿಗೆಯನ್ನು ಒತ್ತುಗಳಿಗೆ ಹಾಕದಿರುವುದೇ ಲೇಸು. ದೇವನಾಗರಿಯಲ್ಲಿ ಶಿರೋರೇಖೆ ಇಡೀ ಪದವನ್ನು ಒಂದೇ ಪಟ್ಟಿಯಂತೆ ಹಿಡಿದಿರುತ್ತದೆ; ಕನ್ನಡದ ಅಕ್ಷರಗಳು ಬಿಡಿ ಬಿಡಿ ತುಂಡುಗಳು. ಒಂದಕ್ಕೆ ಒಪ್ಪಿದ ಅಳತೆಯನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಕೆಡುತ್ತದೆ.

ಮಹಾರಾಷ್ಟ್ರದಲ್ಲಿ 2022ರ ಕಾನೂನು ತಿದ್ದುಪಡಿಯ ಪ್ರಕಾರ ಅಂಗಡಿಯ ಫಲಕದಲ್ಲಿ ಮರಾಠಿ ಕಡ್ಡಾಯ. ಅದರ ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಿರಬಾರದು. ಬೇರೆ ಭಾಷೆಯ ಸಾಲಿಗೆ ಅಡ್ಡಿಯಿಲ್ಲ. ಆದರೆ ಸ್ಥಳ ಸಾಲದೆ ಕನ್ನಡದ ಸಾಲನ್ನು ಕುಗ್ಗಿಸಿದರೆ ಒತ್ತುಗಳು ಇನ್ನೂ ತೆಳುವಾಗುತ್ತವೆ. ಪಿಕ್ಸೆಲ್‌ನ ಅಳತೆಯನ್ನೂ ಆಗ ಕುಗ್ಗಿಸಬೇಕು. ಮುದ್ರಣದ ಒಂದು ಮಾತನ್ನೂ ನೆನಪಿಡಬೇಕು: ಪರದೆ ತಾನೇ ಬೆಳಕು ಚೆಲ್ಲುತ್ತದೆ, ಫ್ಲೆಕ್ಸ್ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಪರದೆಯ ಮೆರುಗು ಅಷ್ಟೇ ಪ್ರಮಾಣದಲ್ಲಿ ಇಳಿದು ಬರುವುದಿಲ್ಲ. ರಸ್ತೆಯಾಚೆಯಿಂದ ಓದುವ ಫಲಕದಲ್ಲಿ ತೊಗಲಿನ ಕಣ ಕಾಣುವುದಿಲ್ಲ, ಹೊಳಪಿನ ಗೆರೆ ಮಾತ್ರ ಕಾಣುತ್ತದೆ. ಕಣದ ಕುಸುರಿ ಶೋಭಿಸುವುದು ಪೆಟ್ಟಿಗೆಯ ಚೀಟಿಯಂಥ ಸಣ್ಣ ಕೆಲಸದಲ್ಲಿ.

ಇನ್ನೊಂದು ವಿಚಾರವಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಅದು ಒಂದು ರಾಜ್ಯದ ಸೊತ್ತಾಗಲಿಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹೀಗೆ ಎಂಟು ಜಿಲ್ಲೆಗಳಿಗೆ ಅದು ಸೇರಿದೆ. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳ ಕೈಕೆಲಸವೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ಆ ತೊಗಲಿಗೆ ಗಾಜಿನ ಹೊಳಪಿಲ್ಲ. ಎಣ್ಣೆಯುಂಡ ಮಂದ ಮೆರುಗಿದೆ. ಮೊಳೆ ಬಡಿಯದೆ, ತೊಗಲಿನ ದಾರದಿಂದಲೇ ಹೊಲಿಯುವುದು ಅದರ ಸಾಂಪ್ರದಾಯಿಕ ಕ್ರಮ. ಅಂಥ ಚಪ್ಪಲಿಯ ಫಲಕಕ್ಕೆ ಕಾರಿನ ಬಣ್ಣದಂತೆ ಥಳಥಳಿಸುವ ಅಕ್ಷರ ಹಾಕಿದರೆ ಫಲಕ ಹೇಳುವುದು ಒಂದು, ಅಂಗಡಿಯಲ್ಲಿರುವುದು ಇನ್ನೊಂದು. ಇಲ್ಲಿ ಹೊಳಪಿನ ಗೆರೆಯನ್ನು ಅಗಲಗೊಳಿಸಿ, ಅದರ ತೀವ್ರತೆಯನ್ನು ಅರ್ಧಕ್ಕಿಳಿಸಿ, ಅಂಚನ್ನು ಮೃದುವಾಗಿಸಿದರೆ ನಿಜಕ್ಕೆ ಹತ್ತಿರವಾಗುತ್ತದೆ. ಮಿರುಗುವ ಲೇಪದ ಬೂಟಿನ ಅಂಗಡಿಗೆ ಗಾಜಿನ ಹೊಳಪೇ ಸರಿ.

2025ರ ಜೂನಿನಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಕೊಲ್ಹಾಪುರಿಯನ್ನು ಹೋಲುವ ಚಪ್ಪಲಿಗಳನ್ನು ಮೂಲದ ಹೆಸರು ಹೇಳದೆ ತೋರಿಸಿತು. ಆಕ್ಷೇಪಗಳು ಬಂದ ಮೇಲೆ ಭಾರತದ ಕರಕುಶಲತೆಯಿಂದ ಪ್ರೇರಣೆ ಪಡೆದುದನ್ನು ಒಪ್ಪಿಕೊಂಡಿತು. ಅಲ್ಲಿ ಚಪ್ಪಲಿಯ ರೂಪ ದಾಟಿ ಹೋಗಿತ್ತು, ಹೆಸರು ಹಿಂದೆ ಉಳಿದಿತ್ತು. ಹೆಸರನ್ನು ಹೊತ್ತು ಸಾಗಿಸುವುದು ಅಕ್ಷರದ ಕೆಲಸ. ಅದನ್ನು ತಯಾರಿಸಿದವರೂ ಕೊಳ್ಳುವವರೂ ಓದಬಲ್ಲ ಎರಡು ಲಿಪಿಗಳಲ್ಲಿ ಅದು ಸ್ಪಷ್ಟವಾಗಿ ಇರಬೇಕಾದದ್ದು ನ್ಯಾಯ.

ಆದ್ದರಿಂದ ಕೆಲಸ ಮುಗಿಯಿತೆನ್ನುವ ಮುನ್ನ ಒಂದು ಪರೀಕ್ಷೆ ಉಳಿದಿರುತ್ತದೆ. ಎಲ್ಲ ಪರಿಣಾಮಗಳನ್ನೂ ಆರಿಸಿ, ಬರಿಯ ಕಪ್ಪು ಅಕ್ಷರಗಳನ್ನು ಸಾದಾ ಕಾಗದದಲ್ಲಿ ಮುದ್ರಿಸಿ, ಕನ್ನಡ ಬಲ್ಲ ಒಬ್ಬರಿಗೆ ತೋರಿಸಬೇಕು. ಬುಧಗಾಂವದ ಆಸುಪಾಸಿನಲ್ಲಿ ಅಂಥವರು ಸಿಗದಿರುವುದಿಲ್ಲ. ಅವರು ತಡವರಿಸದೆ ಓದಿದರೆ ಮತ್ತೆ ಹೊಳಪನ್ನು ಹೊತ್ತಿಸಿ, ಅದೇ ಕಾಗದದ ಪಕ್ಕದಲ್ಲಿಟ್ಟು ಇನ್ನೊಮ್ಮೆ ಓದಿಸಬೇಕು. ಎರಡನೆಯ ಸಲವೂ ಅಷ್ಟೇ ಸಲೀಸಾಗಿ ಓದಿದರೆ ಫಲಕ ಮುದ್ರಣಕ್ಕೆ ಹೋಗಬಹುದು. ತಡವರಿಸಿದರೆ ತಗ್ಗಿಸಬೇಕಾದದ್ದು ಹೊಳಪನ್ನೇ ಹೊರತು ಕನ್ನಡದ ಸಾಲನ್ನಲ್ಲ.